ಓಲೆನಾಡು ಹುಡುಕಿಕೊಂಡು ನಾಲ್ಕು ದಿನ

ನಮ್ಮಣ್ಣನ ಮಗಳು ಎಂಟನೇ ಕ್ಲಾಸು. ಬೇಸಿಗೆ ಸೂಟಿಯಿಂದ ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಒಂದು ರಾಜ್ಯ ಕಟ್ಟುತ್ತಿದ್ದಾಳೆ. ಅಲ್ಲಿ ಸೈನ್ಯ ಇಲ್ಲ, ಪೊಲೀಸರಿಲ್ಲ. ಇರುವವರೆಲ್ಲ ಪಂಡಿತರು. ಊರ ನಡುವೆ ಏಳಂತಸ್ತಿನ ಗ್ರಂಥಾಲಯ. ಮೊದಲು ಅದಕ್ಕೆ ವಿದ್ಯಾಗಿರಿ ಅಂತ ಹೆಸರಿಟ್ಟಿದ್ದಳು. "ಅಲ್ಲವಾ, ವಿದ್ಯಾಗಿರಿಗೆ ದಿನಾ ಆಟೋ ಹೊಕ್ಕಾವಲ್ಲ" ಅಂದೆ. ನಾವು ಬಾಗಲಕೋಟೆಯವರು. ನಮ್ಮಲ್ಲಿ ವಿದ್ಯಾಗಿರಿ ಅಂದರೆ ಕಾಲೇಜುಗಳಿರುವ ಏರಿಯಾ. ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾಲ್ಕನೇ ದಿನ ಹೊಸ ಹೆಸರು ತಂದಳು: ಓಲೆನಾಡು.

ಹೆಸರು ಚೆನ್ನಾಗಿದೆ. ನಕಾಶೆ ನೋಡಿದರೆ ಮಾತ್ರ ನಗು ಬಂತು. ಸುತ್ತ ಹಿಮದ ಬೆಟ್ಟ. ಚೂಪು ತುದಿಯ ಕಲ್ಲಿನ ಗೋಪುರಗಳು. ಒಳಗೆ ಮೊಣಕಾಲಿನ ತನಕ ಗಡ್ಡ ಬಿಟ್ಟ ಮುದುಕರು ಮೇಣದಬತ್ತಿ ಹಚ್ಚಿಕೊಂಡು ಓದುತ್ತಾರೆ. ನಾನು ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುವವನು. ಕೇಳದೆ ಇರೋಕಾಗಲಿಲ್ಲ.

"ಇಷ್ಟು ಮೇಣದಬತ್ತಿಗೆ ರೊಕ್ಕ ಯಾರು ಕೊಡ್ತಾರ?"

"ಅವು ಮಂತ್ರದಿಂದ ಉರೀತಾವ ಕಾಕಾ."

"ಊಟ?"

"ನಿನ್ನ ಜೋಡಿ ಮಾತಾಡೋದ ಬ್ಯಾಡ."

ಆವತ್ತೇ ಮನಸ್ಸಲ್ಲಿ ಬಂತು. ಇವಳನ್ನು ದಸರಾ ಸೂಟಿಯಲ್ಲಿ ಒಂದು ಸುತ್ತು ಹಾಕಿಸಬೇಕು. ಹಿಮ ಸಿಗಲ್ಲ, ಆದರೆ ಪಂಡಿತರ ರಾಜ್ಯ ನಮ್ಮ ಎರಡು ಜಿಲ್ಲೆಯಲ್ಲೇ ಚೂರುಚೂರಾಗಿ ಬಿದ್ದಿದೆ, ಅಲ್ವಾ? ಅಣ್ಣನ ಹಳೇ ಕಾರು ಇಸಕೊಂಡೆ. ಹೊರಡುವ ಹಿಂದಿನ ರಾತ್ರಿ ಅವ್ವ ಬಾಗಿಲಲ್ಲಿ ಚೀಲ ಇಟ್ಟಳು. "ಕೂಡಲಸಂಗಮ, ಬನಶಂಕರಿ ಎರಡು ತೋರ್ಸಪಾ, ನಡುವ ನೀವು ಎಲ್ಲೆರ ಅಡ್ಡಾಡ್ರಿ, ನಾ ಕಾರಿನಾಗ ಕುಂತಿರ್ತೀನಿ" ಅಂದಳು. ಕಾರಿನಲ್ಲಿ ಕೂತಿದ್ದು ಒಟ್ಟು ಒಂದು ತಾಸು ಇರಬಹುದು, ಅಷ್ಟೇ.

ಮೊದಲನೇ ದಿನ

ಬನ್ನಿ ಹಂಚಿ ಎರಡು ದಿನ ಆಗಿತ್ತು. ಹುಡುಗಿ ನೋಟ್‌ಬುಕ್ಕಿನಲ್ಲಿ ಗುರುತಿಗೆ ಅಂತ ಬನ್ನಿ ಎಲೆ ಇಟ್ಟುಕೊಂಡಿದ್ದಳು. ಬೆಳಗ್ಗೆ ಆರಕ್ಕೆ ಬಿಟ್ಟೆವು. ಹೊಲಗಳಲ್ಲಿ ಜೋಳ ಗೇಣುದ್ದ ಎದ್ದಿತ್ತು. ತೊಗರಿ ಹೂ ಬಿಟ್ಟಿತ್ತು. ಕೊಲ್ಹಾರದ ಸೇತುವೆ ಮೇಲೆ ಬಂದಾಗ ಎರಡೂ ಕಡೆ ಕೃಷ್ಣೆಯ ಹಿನ್ನೀರು ಸಮುದ್ರದ ಹಾಗೆ. ಕೊಲ್ಹಾರ ಅಂದಮೇಲೆ ಮೊಸರು ಬಿಡೋಕಾಗುತ್ತಾ? ಸಣ್ಣ ಗಡಿಗೆಯಲ್ಲಿ ಹೆಪ್ಪು ಹಾಕಿರುತ್ತಾರೆ, ಬೋರಲು ಹಾಕಿದರೂ ಬೀಳಲ್ಲ ಅಂತಾರೆ. ಅವ್ವ ಒಂದು ಗಡಿಗೆಯನ್ನು ಓರೆ ಮಾಡಿ ಪರೀಕ್ಷೆ ಮಾಡಿಯೇ ತಗೊಂಡಳು.

ಗೋಳಗುಮ್ಮಟಕ್ಕೆ ಹತ್ತಕ್ಕೆ ಮುಟ್ಟಿದೆವು. ತಡವಾಗಿತ್ತು. ಅಲ್ಲಿಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಬೇಕು. 44 ಮೀಟರ್ ಅಗಲದ ಗುಮ್ಮಟ, ಕೆಳಗೆ ಒಂದು ಕಂಬವೂ ಇಲ್ಲ, ಮೇಲಿನ ಸುತ್ತುಗಟ್ಟೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರಿನವರಿಗೆ ಕೇಳುತ್ತೆ ಅನ್ನೋದೆಲ್ಲ ನಿಜ. ಆದರೆ ಆ ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಗುಟ್ಟುವವರೇ ಇರಲಿಲ್ಲ. ಮೂರು ಬಸ್ಸಿನ ಹುಡುಗರು ಒಟ್ಟಿಗೆ ಕೂಗು ಹಾಕುತ್ತಿದ್ದರು. ಒಂದು ಕೂಗು ಏಳೆಂಟು ಸಲ ತಿರುಗಿ ಬರುತ್ತೆ. ಐವತ್ತು ಹುಡುಗರ ಕೂಗು ಎಷ್ಟಾಯ್ತು, ನೀವೇ ಲೆಕ್ಕ ಹಾಕಿ. ನಮ್ಮ ಹುಡುಗಿ ಕಿವಿ ಮುಚ್ಚಿಕೊಂಡು ಇಳಿದಳು. "ಓಲೆನಾಡಿನ ಗ್ರಂಥಾಲಯಕ್ಕ ಗುಮ್ಮಟ ಬ್ಯಾಡ" ಅಂತ ಮೊದಲನೇ ತಿದ್ದುಪಡಿ ಬರೆದಳು.

ಆಮೇಲೆ ಅಸಾರ್ ಮಹಲ್. ಎತ್ತರದ ಮರದ ಕಂಬಗಳು, ಮುಂದೆ ನೀರಿನ ಹೊಂಡ. ಪ್ರವಾಸಿಗರು ಇಲ್ಲಿಗೆ ಕಮ್ಮಿ. ಮಹಮ್ಮದ್ ಆದಿಲ್ ಶಾಹ ನ್ಯಾಯ ಹೇಳಲು ಕಟ್ಟಿಸಿದ ಮನೆ ಇದು. ಮುಂದೆ ಪೈಗಂಬರರ ಪವಿತ್ರ ಕೇಶವನ್ನು ಇಲ್ಲಿ ಇಟ್ಟರು. ನಾನು ಹೊಂಡದ ಕಟ್ಟೆ ಮೇಲೆ ಕೂತು ಹುಡುಗಿಗೆ ಹೇಳಿದ್ದು ಬೇರೆ ವಿಷಯ. ಆದಿಲ್ ಶಾಹಿ ಅರಸರ ಗ್ರಂಥ ಸಂಗ್ರಹದಲ್ಲಿ ಉಳಿದದ್ದು ಇದೇ ಮನೆಯಲ್ಲಿತ್ತು. ಅರಬ್ಬಿ, ಪಾರ್ಸಿಯ ಕೈಬರಹದ ಹೊತ್ತಿಗೆಗಳು. 1853ರಲ್ಲಿ ಅವು ಲಂಡನ್ನಿಗೆ ಹೋದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

"ಎಲ್ಲಾನೂ?"

"ಕೆಲವು ಇನ್ನೂ ಬ್ಯಾರೆ ಕಡೆ." ಅವಳಿಗೆ ನುಜೂಮ್ ಅಲ್ ಉಲೂಮ್ ಬಗ್ಗೆ ಹೇಳಿದೆ. ಅಂದರೆ ವಿದ್ಯೆಗಳ ನಕ್ಷತ್ರಗಳು. 1570ರಲ್ಲಿ ವಿಜಯಪುರದಲ್ಲೇ ತಯಾರಾದ ಚಿತ್ರಗಳ ಹೊತ್ತಿಗೆ. ಗ್ರಹ, ನಕ್ಷತ್ರ, ಆನೆ, ಆಯುಧ, ಯಂತ್ರ, ಮಂತ್ರ ಎಲ್ಲ ಅದರಲ್ಲಿದೆ. ಈಗ ಅದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಚೆಸ್ಟರ್ ಬೀಟಿ ಲೈಬ್ರರಿಯಲ್ಲಿದೆ. ಮಂತ್ರದ ಪುಸ್ತಕ ನಿಜವಾಗಲೂ ನಮ್ಮ ಪಕ್ಕದ ಜಿಲ್ಲೆಯಲ್ಲಿತ್ತು ಅಂದಾಗ ಹುಡುಗಿ ಬಹಳ ಹೊತ್ತು ಆ ಕಟ್ಟಡದ ಕಡೆಗೇ ನೋಡುತ್ತಾ ಕೂತಳು. ಖಾಲಿ ಕಪಾಟು ನೋಡಿದ ಹಾಗೆ.

ಸಂಜೆ ಊರಾಚೆ ಪಶ್ಚಿಮಕ್ಕೆ, ತೊರವಿಗೆ ಹೋದೆವು. ಇದೇ ನನ್ನ ಪ್ರಕಾರ ವಿಜಯಪುರದ ಅಸಲಿ ಕಲ್ಪನಾ ರಾಜ್ಯ. ಗುಮ್ಮಟಕ್ಕೆ ಬಂದವರಲ್ಲಿ ನೂರಕ್ಕೆ ಐದು ಜನವೂ ಇಲ್ಲಿಗೆ ಬರಲ್ಲ ಅಂತ ಕಾಣುತ್ತೆ. ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಲ್ಲಿ ಗಾದಿಗೆ ಬಂದಾಗ ಸಣ್ಣ ಹುಡುಗ, ಒಂಬತ್ತು ವರ್ಷ. ರಾಜ್ಯ ನೋಡಿಕೊಂಡವಳು ಚಾಂದ್ ಬೀಬಿ. ಹುಡುಗ ದೊಡ್ಡವನಾಗಿ ಸಂಗೀತದ ಹುಚ್ಚು ಹಿಡಿಸಿಕೊಂಡ. ದಖನಿ ಭಾಷೆಯಲ್ಲಿ ರಾಗಕ್ಕೆ ಕೂರಿಸಿದ ಹಾಡುಗಳ ಕಿತಾಬ್-ಎ-ನೌರಸ್ ಬರೆದ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ. ಜನ ಅವನಿಗೆ ಜಗದ್ಗುರು ಬಾದಶಹ ಅಂದರು. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಹುಡುಗಿಗೆ ಇದು ಬಹಳ ಹಿಡಿಸಿತು.

ನೌರಸ್ ಅಂದರೆ ನವರಸ. ಆ ಶಬ್ದದ ಮೇಲೆ ಅವನಿಗೆ ಎಂಥ ಮೋಹ ಅಂದರೆ, 1599ರಲ್ಲಿ ಇಲ್ಲಿ ಒಂದು ಹೊಸ ಊರನ್ನೇ ಶುರು ಮಾಡಿ ನೌರಸಪುರ ಅಂತ ಕರೆದ. ಹಾಡುಗಾರರು, ಕವಿಗಳು, ಚಿತ್ರ ಬರೆಯುವವರು ಬಂದು ನೆಲೆಸಬೇಕಾದ ಊರು. ಪೂರ್ತಿ ಆಗಲೇ ಇಲ್ಲ. 1624ರಲ್ಲಿ ಅಹ್ಮದನಗರದ ಮಲಿಕ್ ಅಂಬರ್ ದಂಡು ತಂದು ಹಾಳು ಮಾಡಿದ. ಈಗ ಉಳಿದಿರುವುದು ಸಂಗೀತ ಮಹಲಿನ ದೊಡ್ಡ ಕಮಾನು, ಒಂದಿಷ್ಟು ಗೋಡೆ. ನಾವು ಹೋದಾಗ ಆ ಕಮಾನಿನ ಕೆಳಗೆ ಎರಡು ಆಡು ಮಲಗಿದ್ದವು.

ಹುಡುಗಿ ಕಮಾನಿನ ಕೆಳಗೆ ನಿಂತು ಒಂದು ಸಲ "ಆ..." ಅಂದು ನೋಡಿದಳು. ಆಡುಗಳು ಎದ್ದು ಹೋದವು.

"ಕಾಕಾ, ಓಲೆನಾಡಿಗೆ ಸೈನ್ಯ ಬೇಕೇನ ಹಂಗಾರ?"

ನಾನು ಉತ್ತರ ಕೊಡಲಿಲ್ಲ. ನನಗೂ ಗೊತ್ತಿಲ್ಲ. ಇದೇ ತೊರವಿಯಲ್ಲಿ ನರಸಿಂಹ ದೇವರ ಗುಡಿ ಇದೆ, ಇಲ್ಲೇ ಕುಮಾರ ವಾಲ್ಮೀಕಿ ತೊರವೆ ರಾಮಾಯಣ ಬರೆದ. ಅವನು ಕಮಾನೂ ಕಟ್ಟಲಿಲ್ಲ, ಕೋಟೆಯೂ ಕಟ್ಟಲಿಲ್ಲ, ಅವನ ಷಟ್ಪದಿ ಮಾತ್ರ ಉಳಿದಿದೆ. ಅವ್ವ ಗುಡಿಗೆ ಹೋಗಿ ಬಂದಳು. ನಾವು ಆ ಹೊತ್ತಿಗೆ ಚಹಾ ಕುಡಿದೆವು.

ರಾತ್ರಿ ಬಸ್ ಸ್ಟ್ಯಾಂಡಿನ ಕಡೆ ಒಂದು ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಬಡಿಸುವ ಹುಡುಗ ಕೇಳದೆಯೇ ರೊಟ್ಟಿ ಹಾಕುತ್ತಿದ್ದ. ಅವ್ವ ಎಣ್ಣೆಗಾಯಿಗೆ ಖಾರ ಜಾಸ್ತಿ ಅಂದಳು, ಮತ್ತೆರಡು ಬದನೆಕಾಯಿ ಹಾಕಿಸಿಕೊಂಡಳು.

ಎರಡನೇ ದಿನ

ಇಂಡಿ ರಸ್ತೆ. ನಮ್ಮ ಪ್ರವಾಸದ ಹೃದಯ ಅಂತ ನಾನು ಇಟ್ಟುಕೊಂಡಿದ್ದು ಸಾಲೋಟಗಿ. ಅರ್ಧ ದಾರಿಯಲ್ಲಿ ಹಿಂದಿನ ಸೀಟಿನಿಂದ ಸಣ್ಣ ಧ್ವನಿ ಬಂತು: "ಕಾಕಾ, ನೋಟ್‌ಬುಕ್ಕಿಲ್ಲ."

ಗಾಡಿ ನಿಲ್ಲಿಸಿದೆ. ಚೀಲ ಜಾಡಿಸಿದೆವು. ಸೀಟಿನ ಕೆಳಗೆ ನೋಡಿದೆವು. ಮೊಸರಿನ ಗಡಿಗೆ ಸಿಕ್ಕಿತು, ನೋಟ್‌ಬುಕ್ಕು ಸಿಗಲಿಲ್ಲ. ಹಿಂದಿನ ರಾತ್ರಿ ಖಾನಾವಳಿಯಲ್ಲಿ ಟೇಬಲ್ಲಿನ ಮೇಲಿಟ್ಟಿದ್ದು ನನಗೆ ನೆನಪಿತ್ತು. ಸುಮ್ನೆ ನಗಿಸೋಣ ಅಂತ "ಲಂಡನ್ನಿಗೆ ಹೋಗಿರಬೇಕು ನೋಡು" ಅಂದೆ. ಅನ್ನಬಾರದಿತ್ತು. ಆರು ತಿಂಗಳ ರಾಜ್ಯ. ಹುಡುಗಿ ಕಿಟಕಿ ಕಡೆ ಮುಖ ತಿರುಗಿಸಿ ಅಳೋಕೆ ಶುರು ಮಾಡಿದಳು. ಅವ್ವ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲ್ಲ. ಖಾನಾವಳಿ ಮಧ್ಯಾಹ್ನ ತೆಗೆಯುತ್ತೆ, ಈಗ ಹೋದರೂ ಬಾಗಿಲು ಹಾಕಿರುತ್ತೆ, ವಾಪಸ್ ಹೋಗುವಾಗ ನೋಡೋಣ ಅಂತ ಸಮಾಧಾನ ಮಾಡಿ ಮುಂದೆ ಹೊರಟೆ.

ಇಂಡಿ ಸುತ್ತಮುತ್ತ ಲಿಂಬೆ ತೋಟ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅವ್ವ ಒಂದು ಚೀಲ ತಗೊಂಡಳು. ಸಾಲೋಟಗಿ ಮುಟ್ಟಿದಾಗ ಹನ್ನೊಂದೂವರೆ. ಶಿವಯೋಗೇಶ್ವರ ಗುಡಿಯ ಹತ್ತಿರ ಕಟ್ಟೆ ಮೇಲೆ ಒಬ್ಬ ಅಜ್ಜ ಕೂತಿದ್ದರು.

"ಯಾವೂರ್ರಿ?"

"ಬಾಗಲಕೋಟಿರಿ. ಹಳೇ ಶಾಲಿ ಇದ್ದ ಊರು ನೋಡಾಕ ಬಂದೀವಿ."

"ಶಾಲಿ ಸೂಟಿ ಐತಲ್ರಿ. ಸೂಟಿ ಮುಗದ ಮ್ಯಾಲೆ ಬರಬೇಕಿತ್ತು."

ಹುಡುಗಿ ಅಳುಮುಖದಲ್ಲೇ ನಕ್ಕಳು. ನಾವು ಹುಡುಕಿಕೊಂಡು ಬಂದ ಶಾಲೆಗೆ ಸೂಟಿಯಾಗಿ ಸುಮಾರು ಸಾವಿರ ವರ್ಷ ಆಗಿರಬೇಕು.

ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ಕಂಬದ ಮೇಲೆ ಕೆತ್ತಿದ ಶಾಸನ ಕ್ರಿ.ಶ. 945ರದ್ದು. ಊರಿನ ಹೆಸರು ಆಗ ಪಾವಿಟ್ಟಗೆ. ಶಾಲೆ ಇದ್ದ ಪಾವಿಟ್ಟಗೆ ಬಾಯಿಂದ ಬಾಯಿಗೆ ಸವೆದು ಸಾಲೋಟಗಿ ಆಯಿತು ಅಂತ ಹೇಳುತ್ತಾರೆ. ಬೇರೆ ಬೇರೆ ನಾಡುಗಳಿಂದ ಹುಡುಗರು ಇಲ್ಲಿಗೆ ಓದೋಕೆ ಬರುತ್ತಿದ್ದರು. ಶಾಸನದ ಅಂಕಿಗಳನ್ನು ನಾನು ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಕಟ್ಟೆ ಮೇಲೆ ಕೂತು ಓದಿದೆ.

ಶಾಲೆಗೆ 500 ನಿವರ್ತನ ಭೂಮಿ. ನಿವರ್ತನ ಅಂದರೆ ಆ ಕಾಲದ ಹೊಲದ ಅಳತೆ. ಇರೋಕೆ 27 ಮನೆ. ಮುಖ್ಯ ಗುರುಗಳಿಗೆ 50 ನಿವರ್ತನ. ದೀಪಕ್ಕೆ 12 ನಿವರ್ತನ.

"ದೀಪಕ್ಕ ಹೊಲಾನ?" ಅಂದಳು ಹುಡುಗಿ.

ಹೌದು, ದೀಪಕ್ಕೆ ಹೊಲ. ಆ ಹೊಲದ ಹುಟ್ಟುವಳಿಯಿಂದ ಎಣ್ಣೆ. ಎಣ್ಣೆಯಿಂದ ರಾತ್ರಿ ಓದು. ಈ ಸಾಲು ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತೆ. ಶಾಸನ ಬರೆಸಿದವನು ವಿದ್ಯೆ ದೊಡ್ಡದು ಅಂತ ಹೊಗಳಿ ಕೈ ತೊಳೆದುಕೊಳ್ಳಲಿಲ್ಲ. ರಾತ್ರಿ ಕತ್ತಲಾಗುತ್ತೆ ಅನ್ನೋದು ಅವನಿಗೆ ನೆನಪಿತ್ತು.

ಅದಕ್ಕಿಂತ ಮಜಾ ಮುಂದಿದೆ. ಊರವರು ಶಾಲೆಗೆ ಪಟ್ಟಿ ಕೊಡಬೇಕು. ಮನೆಯಲ್ಲಿ ಮದುವೆ ಆದರೆ 5 ನಾಣ್ಯ. ಮುಂಜಿ ಆದರೆ ಎರಡೂವರೆ. ಜವಳ ತೆಗೆಸಿದರೆ ಒಂದೂಕಾಲು. ಐದು, ಅದರ ಅರ್ಧ, ಅರ್ಧದ ಅರ್ಧ. ಸಂಘದಲ್ಲಿ ಇಷ್ಟು ವರ್ಷ ಪಾವತಿ ಬರೆದ ನನ್ನ ಕಣ್ಣಿಗೆ ಇದು ಕಾವ್ಯದ ಹಾಗೆ ಕಾಣುತ್ತೆ. ಖರ್ಚು ಜಾಸ್ತಿ ಇರುವ ಕಾರ್ಯಕ್ಕೆ ಜಾಸ್ತಿ, ಸಣ್ಣ ಕಾರ್ಯಕ್ಕೆ ಕಮ್ಮಿ. ಮದುವೆ ಮನೆಯಲ್ಲಿ ಕೈ ಬಿಚ್ಚಿದಾಗಲೇ ಕೇಳಬೇಕು, ಆಮೇಲೆ ಕೇಳಿದರೆ ಯಾರೂ ಕೊಡಲ್ಲ. ನಮ್ಮಲ್ಲಿ ಸಾಲ ವಸೂಲಿಗೆ ಹೋಗುವವರು ಈ ಶಾಸನ ಓದಬೇಕು.

ಅವ್ವ ಇಷ್ಟೊತ್ತು ಸುಮ್ಮನೆ ಕೇಳುತ್ತಿದ್ದಳು. "ಆ ಶಾಲಿ ನಮ್ಮಂಥವರಿಗೂ ಇತ್ತೇನಪಾ?" ಅಂದಳು.

ಇರಲಿಲ್ಲ. ಮುಂಜಿ ಆಗುವ ಮನೆಗಳ ಶಾಲೆ ಅದು. ಹೆಣ್ಣುಮಕ್ಕಳ ಮಾತಂತೂ ದೂರ. ಮುಚ್ಚಿಟ್ಟು ಏನು ಪ್ರಯೋಜನ, ಹಾಗೇ ಹೇಳಿದೆ. ಅವ್ವ "ಹೂಂ" ಅಂದು ಲಿಂಬೆಕಾಯಿ ಎಣಿಸೋಕೆ ಕೂತಳು. ಹುಡುಗಿ ಮಾತ್ರ ನನ್ನ ಚೀಟಿ ಇಸಕೊಂಡು ಹಿಂಬದಿಗೆ ಏನೋ ಬರೆದುಕೊಂಡಳು. ತೋರಿಸಲಿಲ್ಲ.

ವಿಜಯಪುರಕ್ಕೆ ವಾಪಸ್ ಬಂದಾಗ ಮೂರು ಗಂಟೆ. ಖಾನಾವಳಿಯ ಮಾಲೀಕರು ನಮ್ಮ ಮುಖ ನೋಡಿದ ಕೂಡಲೇ ಗಲ್ಲಾದ ಕೆಳಗಿಂದ ನೋಟ್‌ಬುಕ್ಕು ತೆಗೆದರು. "ಬರ್ತೀರಿ ಅಂತ ಗೊತ್ತಿತ್ರಿ. ಚಿತ್ರ ಭಾಳ ಚಂದ ತಗದಾಳ ಹುಡುಗಿ" ಅಂದರು. ಹುಡುಗಿ ಎದೆಗೆ ಅವುಚಿಕೊಂಡಳು. ಆಮೇಲೆ ಕೊನೇ ಪೇಜು ತೆರೆದಳು. ಯಾರೋ ಅವಸರದಲ್ಲಿ ಕೈಗೆ ಸಿಕ್ಕ ಕಾಗದ ಅಂತ ಲೆಕ್ಕ ಗೀಚಿದ್ದರು. ನೀಲಿ ಪೆನ್ನು, ಎಣ್ಣೆ ಬೆರಳಿನ ಗುರುತು:

ರೊಟ್ಟಿ 22
ಝುಣಕ 4
ಎಣ್ಣೆಗಾಯಿ 5
ಮೊಸರು 3
ಬಾಕಿ ನಾಳೆ

ಮಾಲೀಕರಿಗೆ ಮುಜುಗರ. ಪೇಜು ಹರಿದು ಕೊಡೋಕೆ ಕೈ ಚಾಚಿದರು. ಹುಡುಗಿ ಬಿಡಲಿಲ್ಲ. "ಇರಲ್ರಿ. ಇದು ಶಾಸನ" ಅಂದಳು. ಅವರಿಗೆ ಅರ್ಥ ಆಗಲಿಲ್ಲ, ಆದರೂ ನಕ್ಕು ಒಂದು ಪ್ಲೇಟು ಝುಣಕ ಜಾಸ್ತಿ ಹಾಕಿಸಿದರು.

ಸಂಜೆ ಊರಲ್ಲಿ ಸುತ್ತುವಾಗ ಫ.ಗು. ಹಳಕಟ್ಟಿಯವರ ಮಾತು ಬಂತು. ವಿಜಯಪುರದಲ್ಲಿ ವಕೀಲರಾಗಿದ್ದವರು. 1880ರಲ್ಲಿ ಹುಟ್ಟಿ 1964ರಲ್ಲಿ ತೀರಿಕೊಂಡರು. ಮನೆಮನೆಯ ಜಗುಲಿಯಲ್ಲಿ ಅರಿವೆ ಸುತ್ತಿ ಪೂಜೆಗೆ ಇಟ್ಟಿದ್ದ ತಾಡೋಲೆಗಳನ್ನು ಬೇಡಿ ತಂದು, ಓದಿ, ನಕಲು ಮಾಡಿ, ವಚನಗಳನ್ನು ಅಚ್ಚು ಹಾಕಿಸಿದರು. ವಚನಶಾಸ್ತ್ರಸಾರದ ಮೊದಲ ಭಾಗ ಬಂದಿದ್ದು 1923ರಲ್ಲಿ. ಅಚ್ಚು ಹಾಕುವವರು ಸಿಗದೆ ಇದ್ದಾಗ ಮನೆ ಮಾರಿ ಇದೇ ಊರಲ್ಲಿ ಹಿತಚಿಂತಕ ಅನ್ನೋ ಪ್ರೆಸ್ಸು ಹಾಕಿದರು. 1926ರಿಂದ ಶಿವಾನುಭವ ಪತ್ರಿಕೆ ನಡೆಸಿದರು. ಅವರನ್ನು ವಚನ ಗುಮ್ಮಟ ಅಂತ ಕರೆದರು. ಈ ಊರಲ್ಲಿ ಅದಕ್ಕಿಂತ ದೊಡ್ಡ ಬಿರುದು ಏನಿದೆ?

"ಓಲೆನಾಡಿನ ಮೊದಲನೇ ಪ್ರಜೆ ಇವರ ಆದರಲ್ಲ" ಅಂದೆ. ಹುಡುಗಿ ಒಪ್ಪಿದಳು. ಗಡ್ಡದ ಮುದುಕರಲ್ಲಿ ಒಬ್ಬನ ಗಡ್ಡ ಅಳಿಸಿ, ತಲೆಗೆ ರುಮಾಲು ಹಾಕಿ, ಮೈಗೆ ಕೋಟು ತೊಡಿಸಿದಳು.

ಮೂರನೇ ದಿನ

ಬೆಳಗ್ಗೆ ಕೂಡಲಸಂಗಮ. ಅವ್ವನ ದಿನ. ಬಸವಣ್ಣ ಹುಡುಗನಾಗಿದ್ದಾಗ ಬಂದು ಓದಿದ ಜಾಗ ಇದು. ಐಕ್ಯ ಮಂಟಪದ ಸುತ್ತ ನಾರಾಯಣಪುರ ಆಣೆಕಟ್ಟಿನ ಹಿನ್ನೀರು. ನೀರಿನ ನಡುವೆ ದುಂಡನೆ ಗೋಡೆ ಎಬ್ಬಿಸಿ, ಬಾವಿಯೊಳಗೆ ಇಳಿದ ಹಾಗೆ ಮೆಟ್ಟಿಲು ಮಾಡಿದ್ದಾರೆ. ಅವ್ವ ಕೆಳಗೆ ಹೋಗಿ ಮುಕ್ಕಾಲು ತಾಸು ಮೇಲೆ ಬರಲಿಲ್ಲ. ನಾವು ಮಲಪ್ರಭೆ ಕೃಷ್ಣೆಗೆ ಸೇರುವ ಕಡೆ ನೋಡುತ್ತಾ ಕಡ್ಲಿ ತಿಂದೆವು. ಅಮೀನಗಡದಲ್ಲಿ ಕರದಂಟು ತಗೊಂಡೆವು. ಅದನ್ನು ಬೇರೆ ಹೇಳಬೇಕಾ.

ಐಹೊಳೆಗೆ ಬಿಸಿಲು ನೆತ್ತಿ ಮೇಲೆ ಇದ್ದಾಗ ಹೋದದ್ದು ನನ್ನ ತಪ್ಪು. ದುರ್ಗದ ಗುಡಿಯ ಹತ್ತಿರ ಎಲ್ಲರೂ ಫೋಟೋ ತೆಗೆಯುತ್ತಾರೆ. ನಮಗೆ ಬೇಕಾಗಿದ್ದು ಗುಡ್ಡದ ಮೇಲಿನ ಮೇಗುಟಿ. ಅರ್ಧ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಹೆ, ತುದಿಯಲ್ಲಿ ಜೈನ ಬಸದಿ, ಕೆಳಗೆ ಊರು ತುಂಬ ಶಿವ, ವಿಷ್ಣು, ಸೂರ್ಯ. ಮೂರು ಮತದವರು ಒಂದೇ ಗುಡ್ಡದಲ್ಲಿ ಮೆಟ್ಟಿಲು ಹಂಚಿಕೊಂಡಿದ್ದಾರೆ.

ಮೇಗುಟಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನ. ಶಕ 556, ಅಂದರೆ ಕ್ರಿ.ಶ. 634. ಸಂಸ್ಕೃತ ಭಾಷೆ, ನಮ್ಮ ಹಳೇ ಲಿಪಿ. ಒಂದು ಚಪ್ಪಡಿ ಕಲ್ಲು, 19 ಸಾಲು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಹುಡುಗಿ ಬೆರಳು ಗಾಳಿಯಲ್ಲೇ ಸಾಲಿನ ಮೇಲೆ ಆಡಿಸಿದಳು, ಮುಟ್ಟಲಿಲ್ಲ. ಇಮ್ಮಡಿ ಪುಲಿಕೇಶಿ ಉತ್ತರದ ಹರ್ಷನನ್ನು ಸೋಲಿಸಿದ್ದನ್ನು ರವಿಕೀರ್ತಿ ಎಷ್ಟು ಚುರುಕಾಗಿ ಹೇಳಿದ್ದಾನೆ ಅಂದರೆ, ಪುಲಿಕೇಶಿಯ ಭಯಕ್ಕೆ ಹರ್ಷನ ಹರ್ಷವೇ ಹೋಯಿತು ಅಂತಾನೆ. ಶಾಲೆ ಮೇಷ್ಟ್ರು ಮಾಡುವಂಥ ಶ್ಲೇಷೆ. 1,400 ವರ್ಷವಾದರೂ ನಗು ಬರುತ್ತೆ. ಕೊನೆಗೆ ತನ್ನ ಬಗ್ಗೆ, ಕವಿತೆಯಲ್ಲಿ ಕಾಳಿದಾಸ ಭಾರವಿಯರ ಕೀರ್ತಿ ಪಡೆದವನು ಅಂತ ತಾನೇ ಬರೆದುಕೊಂಡಿದ್ದಾನೆ.

"ತನ್ನ ತಾನ ಹೊಗಳ್ಕೊಂಡಾನ?"

"ಕಾಳಿದಾಸ ಯಾವ ಕಾಲದವ ಅಂತ ತಲಿ ಕೆಡಿಸಿಕೊಂಡವರಿಗೆಲ್ಲ ಈ ಸಾಲ ಆಧಾರ, ಗೊತ್ತೇನ? 634ಕ್ಕ ಅವ ಆಗಲೇ ಹೆಸರಾಗಿದ್ದ ಅಂತ ಗೊತ್ತಾಗಿದ್ದು ಇವನ ಜಂಬದಿಂದ."

ಪಂಡಿತರ ಜಂಬ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತೆ. ಕವಿಗಳಷ್ಟೇ ಅಲ್ಲ. ಇದೇ ಐಹೊಳೆಯ ಒಂದು ಗುಡಿಯ ಶಾಸನ ನರಸೊಬ್ಬ ಅನ್ನೋ ಕಟ್ಟಡಗಾರನ ಬಗ್ಗೆ ಹೇಳುತ್ತೆ: ಮನೆ, ಗುಡಿ ಕಟ್ಟೋದರಲ್ಲಿ ಇವನ ಸಮ ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟಲ್ಲ. ಇದನ್ನು ಹೇಳುವಾಗ ನನಗೆ ನಮ್ಮ ಮನೆ ಕಟ್ಟಿದ ಗೌಂಡಿ ನೆನಪಾದ. ಅವನೂ ಹೀಗೇ ಹೇಳುತ್ತಿದ್ದ. ಅಟ್ಟ ಮೊದಲ ಮಳೆಗೇ ಸೋರಿತು.

ರಾತ್ರಿ ಬಾದಾಮಿಯಲ್ಲಿ ಉಳಿದೆವು. ಕಾಲು ನೋವು, ಊಟ, ನಿದ್ದೆ.

ನಾಲ್ಕನೇ ದಿನ

ಪಟ್ಟದಕಲ್ಲಿಗೆ ಬೇಗ ಹೋದೆವು. 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಹುಲ್ಲು ಹಾಸು ಚೆನ್ನಾಗಿ ಇಟ್ಟಿದ್ದಾರೆ. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಶಿಲ್ಪಿಯ ಹೆಸರಿದೆ. ಗುಂಡ. ಅನಿವಾರಿತಾಚಾರಿ ಅಂತ ಬಿರುದು. ರಾಜ, ರಾಣಿ, ಗುಂಡ. ಮೂರು ಹೆಸರೂ ಒಂದೇ ಕಲ್ಲಿನ ಮೇಲೆ. ಹುಡುಗಿ ಓಲೆನಾಡಿಗೆ ಇನ್ನೊಂದು ತಿದ್ದುಪಡಿ ಬರೆದಳು: ಗ್ರಂಥಾಲಯ ಕಟ್ಟಿದ ಗೌಂಡಿಯ ಹೆಸರು ಬಾಗಿಲಿಗೇ ಕೆತ್ತಬೇಕು. ಸೋರಿದರೆ ಅಳಿಸಬೇಕು ಅಂತ ನಾನು ಸೇರಿಸಿದೆ.

ಬನಶಂಕರಿಯಲ್ಲಿ ಅವ್ವನ ದರ್ಶನ ಆಯ್ತು. ಹೊರಗೆ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ರೊಟ್ಟಿ, ಮಡಿಕೆಕಾಳು ಪಲ್ಯ, ಗುರೆಳ್ಳು ಚಟ್ನಿ, ಮೊಸರು ಮಾರುತ್ತಾರೆ. ನೆರಳಲ್ಲಿ ಕೂತು ಹೊಟ್ಟೆ ತುಂಬ ತಿಂದೆವು.

ಇಳಿಹೊತ್ತಿಗೆ ಬಾದಾಮಿಯ ಅಗಸ್ತ್ಯ ತೀರ್ಥ. ಗುಹೆಗಳನ್ನು ಹುಡುಗಿ ಶಾಲೆ ಟ್ರಿಪ್ಪಿನಲ್ಲಿ ನೋಡಿದ್ದಳು. ಬೇಕಾಗಿದ್ದು ಹೊಂಡದಾಚೆ, ತಟ್ಟುಕೋಟಿ ಕಡೆ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ. ಸುಮಾರು ಕ್ರಿ.ಶ. 700ರದ್ದು. ಅರಭಟ್ಟ ಯಾರೋ ವೀರ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕಲಿಯುಗ ವಿಪರೀತ ಅಂತ ಹೊಗಳಿದ್ದಾರೆ. ಹೊಗಳಿಕೆಗಿಂತ ಹೊಗಳಿದ ರೀತಿ ದೊಡ್ಡದು. ಅದು ತ್ರಿಪದಿ. ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಎಲ್ಲಕ್ಕಿಂತ ಹಳೇದು ಇದೇ ಬಂಡೆಯದು.

ನಾನು ಹುಡುಗಿಗೆ ಮೂರು ಸಾಲು ಓದಿ ಹೇಳುತ್ತಿದ್ದೆ. ಹಿಂದಿನಿಂದ ಅವ್ವ "ಇದೇನ ಮಾಯ, ಬೀಸೂ ಪದದ ಹಂಗ ಐತಲ್ಲ" ಅಂದಳು.

ನಾನು ತಿರುಗಿ ನೋಡಿದೆ. ಅವ್ವ ನಾಲ್ಕನೇ ಇಯತ್ತೆ ಓದಿದವಳು. ದೇವರ ಪುಸ್ತಕ ಬೆರಳಿಟ್ಟು ಓದುತ್ತಾಳೆ. ಛಂದಸ್ಸು ಅಂದರೆ ಏನು ಅಂತ ಅವಳಿಗೆ ಯಾರೂ ಹೇಳಿಲ್ಲ. ಮೆಟ್ಟಿಲಿನ ಮೇಲೆ ಕಾಲು ಚಾಚಿ ಕೂತು, ನೀರಿನ ಕಡೆ ನೋಡುತ್ತಾ ಒಂದು ಬೀಸುಕಲ್ಲಿನ ಪದ ಹಾಡಿದಳು. ಬಲಗೈ ತನ್ನಷ್ಟಕ್ಕೆ ಗೂಟ ಹಿಡಿದ ಹಾಗೆ ತಿರುಗುತ್ತಿತ್ತು. ಮೊದಲ ಸಾಲು ಒಂದು ಸುತ್ತು. ಎರಡನೇ ಸಾಲಿನ ತುದಿಗೆ ಕೈ ಒಂಚೂರು ತಡೆಯುತ್ತೆ, ಕಾಳು ಹಾಕುವ ಹೊತ್ತು ಅದು. ಆಮೇಲೆ ಅದೇ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೇ ಸಾಲಿಗೆ ಇಳಿಯುತ್ತಾಳೆ. ನಮ್ಮ ಮನೆಗೆ ಮಿಕ್ಸರ್ ಬಂದು ಎಷ್ಟೋ ವರ್ಷ ಆಯ್ತು. ಈ ಪದ ನಾನು ಕೇಳಿದ್ದು ಹುಡುಗನಾಗಿದ್ದಾಗ, ಅರ್ಧ ನಿದ್ದೆಯಲ್ಲಿ.

ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಕೈ ನಿಲ್ಲಿಸಿ ಕೇಳಿದರು. ಒಬ್ಬಾಕೆ ಮುಂದಿನ ಪದ ತಾನೇ ಎತ್ತಿದಳು. ಅವ್ವನದ್ದಕ್ಕಿಂತ ಅವಳ ಕಂಠ ಚೆನ್ನಾಗಿತ್ತು. ಅವ್ವನಿಗೆ ಇದು ಅಷ್ಟು ಸರಿ ಬರಲಿಲ್ಲ.

"ಆಯಿ, ಇದನ್ನ ಯಾವ ಶಾಲಿಯಾಗ ಕಲ್ತಿ?"

"ಯಾವ ಶಾಲಿ ಬಂತು. ನಮ್ಮತ್ತಿ ಬೀಸಾಕ ಕುಂತಾಗ ನಾನೂ ಎದರಿಗೆ ಕುಂದ್ರತಿದ್ದೆ."

ವಾಪಸ್ ಬರುವಾಗ ಕತ್ತಲಾಗಿತ್ತು. ಹಿಂದಿನ ಸೀಟಿನಲ್ಲಿ ಹುಡುಗಿ ಮೊಬೈಲ್ ಟಾರ್ಚಿನ ಬೆಳಕಲ್ಲಿ ನೋಟ್‌ಬುಕ್ಕು ತೆರೆದಿದ್ದಳು. ಕನ್ನಡಿಯಲ್ಲಿ ಕಂಡಿತು. ಹಿಮದ ಬೆಟ್ಟ ಇನ್ನೂ ಇತ್ತು, ಅದನ್ನು ಬಿಡೋಕೆ ಮನಸ್ಸಿಲ್ಲ ಅಂತ ಕಾಣುತ್ತೆ. ಗ್ರಂಥಾಲಯದ ಪಕ್ಕ ಒಂದು ಹೊಲ ಬಂದಿತ್ತು, ಮೇಲೆ ದೀಪದ ಹೊಲ ಅಂತ ಬರೆದಿದ್ದಳು. ಹಿಂದೆ 27 ಸಣ್ಣ ಮನೆ. ಗಡ್ಡದವರ ನಡುವೆ ಒಬ್ಬ ಮುದುಕಿ ಬೀಸುಕಲ್ಲಿನ ಮುಂದೆ.

"ಆಯಿ, ಇವರಿಗೆಲ್ಲ ದಿನಕ್ಕ ಎಷ್ಟು ರೊಟ್ಟಿ ಬೇಕು?"

"ಎಷ್ಟ ಮಂದಿ ಅದಾರ?"

"ಮನಿಗೆ ಎಂಟ ಹುಡುಗರು ಅಂತ ಹಿಡಿ. 216."

"ಬೆಳೆಯೋ ಹುಡುಗರು. ಒಬ್ಬೊಬ್ಬರಿಗೆ ದಿನಕ್ಕ ಆರಾದರೂ ಬೇಕು."

ಹುಡುಗಿ ಗುಣಿಸಿದಳು. 1,296.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಷ್ಟ ರೊಟ್ಟಿ ಬಡಿಯೋರು ಯಾರು?" ಅಂದಳು.

ಹುಡುಗಿ ಉತ್ತರ ಕೊಡಲಿಲ್ಲ. ಖಾನಾವಳಿಯ ಲೆಕ್ಕ ಇದ್ದ ಕೊನೇ ಪೇಜು ತೆರೆದು, "ಬಾಕಿ ನಾಳೆ" ಅಂತ ಇದ್ದ ಸಾಲಿನ ಕೆಳಗೆ ಬರೆಯೋಕೆ ಶುರು ಮಾಡಿದಳು.